ಆರನೆಯ ಪಿರಿಯಡ್, ಬೀದರ್

ಕರೆಂಟು ಹೋಗಿ ಫ್ಯಾನು ನಿಂತಿತ್ತು.
ಹಲಗೆಯ ಮೇಲೆ ಬರೆದೆ: ೧೬೧೯.
ಹೊಗೆಸೊಪ್ಪಿನ ಊರು. ಮರದ ಚರ್ಚು.
ಆರಿಸಿ ಬಂದವರು ಇಪ್ಪತ್ತೆರಡು ಮಂದಿ,
ಆರು ದಿನ ಕೂತರು, ಸೆಕೆಯಲ್ಲಿ ಒಬ್ಬ ಸತ್ತ,
ಉಳಿದವರು ಹೊಗೆಸೊಪ್ಪಿಗೆ ದರ ಕಟ್ಟಿ ಎದ್ದರು.
ಕಡಲಾಚೆ ನೆಲೆಸಿದ ಇಂಗ್ಲಿಷರಿಗೆ
ಅದೇ ಮೊದಲ ಸಭೆ.

ಕಮಠಾಣದಿಂದ ಬಸ್ಸಿಗೆ ಬರುವ ಮಹಾನಂದಾ
ಕೈ ಎತ್ತಿದಳು.
"ಅವರನ್ನ ಆರಿಸಿದವರು ಯಾರ್ರಿ, ಟೀಚರ್?"
"ಗಂಡಸರು."
"ಎಲ್ಲಾರೂ?"

ಸೀಮೆಸುಣ್ಣ ಬೆರಳಲ್ಲೇ ಮುರಿಯಿತು.
ತಿಂಗಳು ತುಂಬುವುದರೊಳಗೆ ಅಲ್ಲಿಗೊಂದು ಹಡಗು ಬಂತು,
ಇಪ್ಪತ್ತು ಚಿಲ್ಲರೆ ಆಫ್ರಿಕದವರು.
ಲೆಕ್ಕ ಬರೆದವನು ಹಾಗೆಯೇ ಬರೆದ, ಚಿಲ್ಲರೆ.
ದವಸ ಕೊಟ್ಟು ಕೊಂಡರು.
ಇದು ಪುಸ್ತಕದಲ್ಲಿಲ್ಲ, ಪರೀಕ್ಷೆಗೂ ಬರುವುದಿಲ್ಲ.

ಕಿಟಕಿಯಾಚೆ ಹಬಶಿ ಕೋಟೆಯ ದಿಬ್ಬ,
ಗೋರಿಗಳ ನೆರಳಿಗೆ ಎರಡು ಮೇಕೆ.
ಅದೇ ಕಡಲು ದಾಟಿಸಿದ ಮಂದಿ
ಇಲ್ಲಿ ಕುದುರೆ ಏರಿದರು, ಕಲ್ಲಿನಡಿ ಮಲಗಿದರು.
ಅದೇ ವರ್ಷ ಬರೀದರ ಬೀದರು ಬಿಜಾಪುರದ ಪಾಲಾಯಿತು.
ನಿಮಗೆ ಒಪ್ಪಿಗೆಯೇ ಎಂದು
ಊರನ್ನು ಯಾರು ಕೇಳಿದರು?

"ನಮ್ಮವ್ವ ಪಂಚಾಯ್ತಿ ಮೆಂಬರ್ ಅದಾಳ್ರಿ.
ಮೀಟಿಂಗಿಗೆ ಅಪ್ಪ ಹೋಗ್ತಾನ."
ಹುಡುಗಿಯರು ನಕ್ಕರು. ಅವಳು ನಗಲಿಲ್ಲ.
"ಹ್ವಾದ ಮಂಗಳವಾರ ಅಪ್ಪಗ ಜ್ವರ. ಅವ್ವ ಹೋದಳು.
ಕುರ್ಚಿ ಮ್ಯಾಲ ಅಪ್ಪನ ಟವೆಲ್ ಇತ್ತಂತ.
ಮಡಚಿ ಚೀಲದಾಗ ಇಟ್ಟು
ಕುಂತಳಂತ್ರಿ."

ಗಂಟೆ ಹೊಡೆಯಿತು.
ಹಲಗೆ ಒರೆಸಲು ಎದ್ದವಳಿಗೆ
ಇರಲಿ ಬಿಡವ್ವಾ, ಎಂದೆ.
ಮುಂದಿನದು ಗಣಿತ,
ಬೇಕಿದ್ದರೆ ಅವರು ಒರೆಸಿಕೊಳ್ಳಲಿ.