ಇಳಿಕಿ ಲಿಲಾವು

ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಾಗ ಇಪ್ಪತ್ತೇಳು ವರ್ಷ
ಉಳ್ಳಾಗಡ್ಡಿ ದರಾ ಕೂಗಿದ ಗಂಟಲಾ ಇದು.
ಏರಿಸೂದಷ್ಟ ಗೊತ್ತು ಇದಕ್ಕ.
ದವಡ್ಯಾಗ ಯಾವಾಗಲೂ ಒಂದು ತುಂಡು ಜ್ಯೇಷ್ಠಮಧು,
ದನಿ ಹರೀಬಾರದಂತ.

ಧೂಳಿಗೆ ಎದಿ ಮುಚ್ಚಿದಾಗ ಡಾಕ್ಟರ್ ಬರದ ಗುಳಿಗಿ
ಬಿಳೇದು, ಸಣ್ಣದು, ನಾಲಿಗಿಗೆ ಹತ್ತಿದರ ಕಹಿ.
ಮೂರನೇ ದಿನಕ್ಕ ಉಸರು ಸರಾಗ.
ಐದನೇ ರಾತ್ರಿ ಎರಡಕ್ಕೆದ್ದು
ತಂಗಳ ಭಕ್ಕರಿ, ಶೇಂಗಾ ಹಿಂಡಿ, ಮತ್ತೊಂದು ಭಕ್ಕರಿ.
"ಏನು ಹೊಕ್ಕೈತಿ ನಿನಗ?" ಅಂದಳು ಕಸ್ತೂರೆವ್ವ, ದೀಪಾ ಹಚ್ಚಿ.
ಮಾರಿ ಹುಣ್ಣಿವಿ ಆತು.
ಗಾಳಾದ ಮಂದಿ "ತಬ್ಬೇತ್ ಛಲೋ ಆಗೈತಿ ಬಾಳಪ್ಪಾ" ಅಂತ
ಚಹಾ ಕುಡಿಸಿದರು, ಸಕ್ಕರಿ ಮುಂದಮಾಡಿ.

ಸ್ವಾರಗೇಟಿನ ಔಷಧ ಅಂಗಡ್ಯಾಗ ಸಹಸ್ರಬುದ್ಧೆ ಬಾಯಿ
ಚಷ್ಮಾದ ಮ್ಯಾಲಿಂದ ನೋಡಿದಳು:
ಬಾಯಾಗೇನೈತಿ?
ಅಂಗೈಯಾಗ ಉಗುಳಿ ತೋರಿಸಿದೆ.
ಆಕಿ ನಗಲಿಲ್ಲ.
ಈ ಬೇರು ಆ ಗುಳಿಗಿಗೆ ದಲಾಲ ಐತಿ,
ಹೊಂಟದ್ದನ್ನ ಕೈಹಿಡದು ಕೂಡಸತೈತಿ,
ಇಬ್ಬರೂ ಕೂಡಿ ಕಾಲಾಗ ನೀರು ತುಂಬತಾರ, ನರದಾಗಿನ ಕಸುವು ಮಾರತಾರ.
ಮತ್ತೇನು ನುಂಗತಿ?
ಮೊಣಕಾಲಿಂದೊಂದು.
ಬ್ಯಾಡ, ಎರಡೂ ಕೂಡಿದರ ಹೊಟ್ಟ್ಯಾಗ ಹುಣ್ಣು.
ಸಕ್ಕರಿ ಎಷ್ಟೈತಿ?
ಮುನ್ನೂರಾ ಹನ್ನೆರಡು.
ಯಾವ ಗಿರಾಕಿ ಏರಿಸಿದನೋ, ನಾ ಕೂಗಿದ್ದಲ್ಲ.

ಆಮ್ಯಾಲ ದನಿ ಇಳಿಸಿ ಕೇಳಿದಳು:
ಹಿಂದ ಎಂದರ ಟಿ.ಬಿ. ಆಗಿತ್ತೇನು?
ಮಲಗಿದ್ದನ್ನ ಎಬ್ಬಸತೈತಿ ಈ ಗುಳಿಗಿ.

ಇಡೀ ಯಾರ್ಡಿಗೆ ಕೇಳೂ ದನಿ ನಂದು.
ಆಗ ಬರಲಿಲ್ಲ.
ಇಪ್ಪತ್ತೆರಡನೇ ವಯಸ್ಸು, ಸೊಲ್ಲಾಪುರದ ದವಾಖಾನಿ, ಮದವಿಗಿಂತ ಮೊದಲು,
ಅಣ್ಣ ಅಂದಿದ್ದ, ಯಾರ ಮುಂದೂ ಅನಬ್ಯಾಡ.
ಬೆನ್ನಹಿಂದ ಕಸ್ತೂರೆವ್ವನ ಕೈಚೀಲದ ಸಪ್ಪಳ ನಿಂತಿತು.
"ಹೌದು," ಅಂದೆ, ಬಾಯಿಗೆ, ಔಷಧದ ಕಪಾಟಿಗೆ.

ಬಸ್ಸಿನಾಗ ಆಕಿ ಕಿಡಕಿ ಕಡೆ.
ಮನಿಗೆ ಬಂದು ಉಪ್ಪಿನಕಾಯಿ ಭರಣಿ ಮ್ಯಾಲಿನ ಫಳಿಗೆ ಏರಿಸಿದಳು,
ಹಪ್ಪಳದ ಡಬ್ಬಿ ಬಾಜೂ ಮನಿಗೆ ಕೊಟ್ಟಳು.
ಕಫಾ ತಪಾಸಣಿಗೆ ತಾನ ಹೋಗಿ ನಂಬರ ಹಚ್ಚಿದಳು.
ಮಾತಿಲ್ಲ.

ಒಮ್ಮೆಲೆ ಬಿಡಂಗಿಲ್ಲ ಇದನ್ನ; ಮೈ ತನ್ನ ಕೆಲಸ ಮರತೈತಿ,
ನೆನಪಾಗಾಕ ದಿನಾ ಬೇಕು.
ಕ್ಯಾಲೆಂಡರಿನ ಮ್ಯಾಲೆ ಆಕಿದ ಅಕ್ಷರಾ:
ನಾಲ್ವತ್ತು. ಮೂವತ್ತು. ಇಪ್ಪತ್ತು.
ಮುಂಜಾನೆ ತಾಟಿನ ಬಾಜೂ ಗುಳಿಗಿ ಇಟ್ಟು ಆಕಿನ ಕೂಗತಾಳ,
ಜನ್ಮದಾಗ ನಾ ಕೇಳದ ಲಿಲಾವು, ಕೆಳಗ ಕೆಳಗ ಹೋಗೂದು:
"ಇಪ್ಪತ್ತು, ಒಂದು ಸಲ."
ನಾ ಕೈ ಎತ್ತತೀನಿ.
"ಇಪ್ಪತ್ತು, ಎರಡು ಸಲ.
ಮತ್ತೇನು ಮುಚ್ಚಿಟ್ಟಿ?"