ಹದಿನಾರು ಜಿಬಿ

ಭಿಶಿ ಎತ್ತಿದ ರೊಕ್ಕ, ಮೂವತ್ತೆಂಟು ಸಾವಿರ,
ಬ್ಯಾಗಿನ ಒಳಕಿಸೆದಾಗ, ಪಿನ್ನು ಚುಚ್ಚಿ.
ಹುಬ್ಬಳ್ಳಿ ಕೊಪ್ಪೀಕರ ರೋಡಿನ ಅಂಗಡ್ಯಾಗ
ಇಮ್ತಿಯಾಜ್ ಎರಡು ಡಬ್ಬಿ ತಂದಿಟ್ಟಾನ ನನ್ನ ಮುಂದ.
ಇದು ಓಡತೈತಿ ಅಕ್ಕಾ, ಆದ್ರ ನಾಕೇ ಜಿಬಿ.
ಇದಕ್ಕ ಹದಿನಾರು; ಓಟ ಕಮ್ಮಿ.
ಎರಡೂ ಬೇಕಂದ್ರ ಇನ್ನೂ ಹನ್ನೊಂದು ಸಾವಿರ ಆಗತೈತಿ.
ಚಾ ತರಿಸ್ಲ್ಯಾ?

ನೆನಪು ಅಂತಾನ ಅದಕ್ಕ. ನಾ ಕೇಳಿದೆ,
ಕರೆಂಟ್ ಹೋದ್ರ?
ಎಲ್ಲಾ ಖಾಲಿ, ಅಂದು ನಕ್ಕ.
ಹಂಗಾರ ಅದೆಂಥಾ ನೆನಪೋ ತಮ್ಮಾ?
ಮೇಜು ಅಂತ ತಿಳಕೋರಿ,
ಎಷ್ಟು ಹಾಳಿ ಒಮ್ಮೆಲೆ ಹರವಾಕ ಬರತೈತಿ, ಅಷ್ಟು.

ಮೇಜು ಅಂದಕೂಡ್ಲೆ
ಬೆಟಗೇರಿಯ ನಮ್ಮ ಹಳೇ ಪ್ರೆಸ್ಸು.
ಮೊಳಿ ಜೋಡಸೋ ಕೈ ಅಂದ್ರ ಅಪ್ಪಂದು,
ಒತ್ತಕ್ಷರದ ಖಾನೆ ಕತ್ತಲದಾಗೂ ಸಿಗತಿತ್ತು.
ಆದ್ರ ಪುಟ ಕಟ್ಟೋ ಕಲ್ಲು ಸಣ್ಣದು.
ಎರಡು ಪುಟ ಕುಂತ್ರ ಮೂರನೇದಕ್ಕ ಜಾಗ ಇಲ್ಲ,
ಕಟ್ಟಿದ್ದು ಬಿಚ್ಚು, ಬಿಚ್ಚಿದ್ದು ಕಟ್ಟು.
ಮುಂಜಾನಿಂದ ಓಡಿದ ಕೈ
ಸಂಜೀಕ ನೋಡಿದ್ರ
ಇದ್ದಲ್ಲೇ ಇರತಿತ್ತು.

ಹೋದ ವರ್ಷ ಬಸವ ಜಯಂತಿ ಮುಂದ
ಹನ್ನೊಂದು ಮದುವಿ ಕಾರ್ಡು.
ಒಂದು ತೆಗದ್ರ ಇನ್ನೊಂದು ಮುಚ್ಚಬೇಕು.
ಹಳೇ ಮಷೀನಿನ ನೀಲಿ ಉಂಗುರ ತಿರುಗಿ ತಿರುಗಿ
ಮುಚ್ಚಿದ ಕಾರ್ಡಿನ ಸಾಲು ನಾ ನೆನಪಿನ ಮ್ಯಾಲೆ ಹೊಡದೆ.
ನನ್ನ ನೆನಪು. ಅದು ಎಷ್ಟು ಜಿಬಿಯೋ.
ನಾಕ್ನೂರು ಅಚ್ಚಾಗಿ, ಕಟ್ಟಾಗಿ, ದಾರ ಸುತ್ತಿದ ಮ್ಯಾಲೆ
ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಒಬ್ಬರು ಒಳಗ ಬಂದ್ರು,
ಕನ್ನಡಕ ಒರಸಿ, ಕಾರ್ಡು ಚಾಚಿದ್ರು:
'ಲಿಂ. ಸಂಗನಬಸಪ್ಪ ಹುಲಕೋಟಿ ಇವರ ಮೊಮ್ಮಗ.'
ಆ ಲಿಂ. ಬ್ಯಾರೆ ಕಾರ್ಡಿನ ಅಜ್ಜಂದು.
'ತಂಗಿ, ನಾ ಇನ್ನೂ ಅದೀನಿ.'

ಮತ್ತ ಅಚ್ಚು ಹಾಕಿಕೊಡ್ತೀನ್ರಿ, ಅಂದೆ.
ಹಂಚಾಕ ಹುಡುಗ್ರು ಗಾಡಿ ಹತ್ತಿ ನಿಂತಾವು,
ಪೆನ್ನು ಕೊಡು, ಅಂದ್ರು.
ಕುಂತ್ರು.
ನಾಕ್ನೂರು ಸಲ ತಮ್ಮ ಸಾವು ತಾವೇ ಹೊಡದು ಹಾಕಿದ್ರು,
ಸ್ಕೇಲ್ ಇಟ್ಟು, ನೀಟಾಗಿ.
ನಡಕೊಮ್ಮೆ, 'ಚುಕ್ಕಿ ಉಳದೈತಿ ನೋಡು,'
ಅಂತ ಕಟ್ಟು ಬಿಚ್ಚಿ, ಆ ಚುಕ್ಕಿನೂ.
ಒಂದು ರೀಫಿಲ್ ಪೂರಾ ಖರ್ಚಾತು.
ಬಿಲ್ಲಿನ್ಯಾಗ ಒಂದು ರೂಪಾಯಿನೂ ಕಡಿಸಲಿಲ್ಲ ಅವರು.
ಅದೇ ಇನ್ನೂ ಚುಚ್ಚತೈತಿ.

ಓಡೋದು ತಗೋರಿ ಅಕ್ಕಾ, ಅಂತಾನ ಇಮ್ತಿಯಾಜ್,
ಜಿಬಿ ನಾಳೆ ಹಾಕಸಾಕ ಬರತೈತಿ, ಸ್ಲಾಟ್ ಖಾಲಿ ಐತಿ,
ಪ್ರೊಸೆಸರ್ ಬದ್ಲಿ ಮಾಡೋದು ತಾಪತ್ರಯ.
ಖರೇನ ಐತಿ ಅವನ ಮಾತು.
ತನ್ನ ಮಾಲಿನ ಮ್ಯಾಲೆ ಖರೇ ಹೇಳೋ ಹುಡುಗ ಅಂವ.
ಆದ್ರ ಅವನ ನಾಳೆ
ನನ್ನ ಭಿಶ್ಯಾಗ ಇಪ್ಪತ್ತು ತಿಂಗಳು ದೂರ,
ಲಗ್ನದ ಸೀಜನ್ನು ಹದಿನೆಂಟು ದಿನ.
ಚಾ ಆರಿತ್ತು. ಕೆನಿ ಸರಿಸಿ ಕುಡದೆ.
ಹದಿನಾರರದ್ದು ಕಟ್ಟು, ಅಂದೆ.

ಪ್ಯಾಸೆಂಜರ್ ಗಾಡ್ಯಾಗ ತೊಡಿ ಮ್ಯಾಲೆ ಡಬ್ಬಿ.
ಅಣ್ಣಿಗೇರಿ ದಾಟೋತನಕ
ತಪ್ಪು ಮಾಡಿದೆ ಅಂತ ಒಂದು ಮನಸು.
ದಾಟಿದ ಮ್ಯಾಲೂ.

ನಿಧಾನನ ಐತಿ ಇದು. ಸುಳ್ಳು ಹೇಳಂಗಿಲ್ಲ.
ಒಂದೊಂದು ಕಾರ್ಡು ತೆರಿಯೂದ್ರಾಗ
ಒಂದು ಎಲಿ ಹಾಕ್ಕೋಬಹುದು, ಸುಣ್ಣ ಹಚ್ಚಿ.
ಆದ್ರ ತೆರದದ್ದು ತೆರದಂಗ ನಿಂದರತಾವು,
ಈ ಸಲದವು ಒಂಬತ್ತೂ,
ಯಾವುದೂ ಯಾವುದನ್ನೂ ನೂಕದಂಗ.
ಒಬ್ಬೊಬ್ಬ ಅಜ್ಜನ ಹೆಸರಿಗೆ ಬೆರಳು ಹಚ್ಚಿ ನೋಡಿದೆ.
ಆದ್ರೂ ಒಂದಕ್ಕ ಧೈರ್ಯ ಸಾಲಲಿಲ್ಲ,
ಫೋನ್ ಹಚ್ಚಿದೆ:
ರೀ, ತಪ್ಪು ತಿಳೀಬ್ಯಾಡ್ರಿ, ನಿಮ್ಮನಿ ಅಜ್ಜಾರು...

ಅತ್ಲಾಗ ಒಂದು ಕೆಮ್ಮು.
'ಅದೀನಿ. ಯಾರವಾ ನೀ?'