ಒಂದು ಹಿಡಿ ಒಮೆನಾ

ಅಮಾವಾಸ್ಯೆಯ ಆಸುಪಾಸಿನಲ್ಲಿ
ಸರೋವರದ ಮೇಲೊಂದು ಊರು ಹುಟ್ಟುತ್ತದೆ:
ನೂರು ದೋಣಿ, ನೂರು ಲಾಟೀನು,
ಬೆಳಕಿಗೆ ಮರುಳಾಗಿ ಮೇಲೇರುವ
ಬೆರಳುದ್ದದ ಮೀನು, ಒಮೆನಾ.
ಬೆಳಗಾದರೆ ಊರಿಲ್ಲ.
ದಡದುದ್ದ ಹಾಸಿದ ಹಳೇ ಬಲೆ,
ಬಲೆಯ ಮೇಲೆ ಬೆಳ್ಳಿಯ ಹೊಟ್ಟು.

ಅಪೊಂದಿ ಬಗ್ಗಿ ಹರಡುತ್ತಿದ್ದಳು,
ಈಗ ಬಗ್ಗಲಾಗದೆ ಕೂತು ಹರಡುತ್ತಾಳೆ.
ಏಳು ತಿಂಗಳು.
ಬೆಳ್ಳಕ್ಕಿ ಓಡಿಸಲು ಕಾಲ ಬಳಿ ಕಲ್ಲಿನ ಗುಡ್ಡೆ.

ನನ್ನ ರಿಜಿಸ್ಟರಿನಲ್ಲಿ ಅವಳದು ನಲವತ್ತೊಂದನೆಯ ಸಾಲು.
ತೂಕ ಐವತ್ತಮೂರು. ರಕ್ತ ಕಮ್ಮಿ. ಚೊಚ್ಚಲಲ್ಲ.
ನಿನ್ನೆ ಏನು ತಿಂದೆ?
ಉಗಾಲಿ, ಸೊಪ್ಪು. ಎಣ್ಣೆಯಲ್ಲಿ ಬಾಡಿಸಿದ್ದು.
ಯಾವ ಎಣ್ಣೆ?
ಅಂಗಡಿಯದು. ಹತ್ತು ಶಿಲಿಂಗಿಗೆ ಒಂದು ಸೌಟು.
ಮೀನು?
ನಕ್ಕಳು. ಲಾರಿಗೆ ಹಾಕಿದೆನಲ್ಲ.

ಗಿಥೈಗಾನ ಲಾರಿ ಥೀಕಾಕ್ಕೆ ಹೋಗುತ್ತದೆ.
ಅಲ್ಲಿ ಮೀನು ಹುಡಿಯಾಗಿ
ಸಾವಿರ ಕೋಳಿಗಳ ಕೊಕ್ಕಿಗೆ ಬೀಳುತ್ತದೆ.
ಅಲ್ಲಿಯ ಮೊಟ್ಟೆಯ ಹಳದಿ ಬಲು ದಟ್ಟವಂತೆ.

ನಿನಗೆ ಕೊಬ್ಬು ಬೇಕು ಕಣೇ ಅಂದೆ.
ಅತ್ತೆ ಬೈಯುವುದೂ ಅದನ್ನೇ, ಅಂದಳು,
ನಿನಗೆ ಕೊಬ್ಬು ಜಾಸ್ತಿ ಅಂತ.

ಹೇಗೆ ಹೇಳಲಿ?
ಒಳಗೆ ಮಿದುಳು ಗೋಡೆ ಎಬ್ಬಿಸುವ ಹೊತ್ತಿದು,
ಅದರ ಗಾರೆಯಲ್ಲಿ ಜಿಡ್ಡಿರಬೇಕು, ಆ ಮೀನಿನ ಜಿಡ್ಡು.
ಅಂಗಡಿಯೆಣ್ಣೆ ವಿಷವೇನಲ್ಲ.
ಆದರೆ ಎರಡಕ್ಕೂ ಬಾಗಿಲು ಒಂದೇ;
ಹಿಂಡಾಗಿ ಬಂದದ್ದು ಮೊದಲು ನುಗ್ಗುತ್ತದೆ,
ಒಂಟಿಯಾಗಿ ಬಂದದ್ದು ಹೊಸಿಲಲ್ಲಿ ನಿಲ್ಲುತ್ತದೆ.
ನಿಲ್ಲುವುದಕ್ಕಾದರೂ ಬರಬೇಕಲ್ಲ.
ಬಾರದಿದ್ದರೆ ಮಗು ತಾಯಿಯ ಕಣಜಕ್ಕೇ ಕೈ ಹಾಕುತ್ತದೆ.
ಕೇಳಿ ಪಡೆಯುವ ಜಾತಿಯಲ್ಲ ಅದು.
ಕಣಜದಲ್ಲೂ ಇಲ್ಲವಾದರೆ
ಇದ್ದಷ್ಟರಲ್ಲೇ ಕಟ್ಟಿಕೊಳ್ಳುತ್ತದೆ, ಸುಮ್ಮನೆ.

ಇಷ್ಟೆಲ್ಲ ಹೇಳಲಿಲ್ಲ ನಾನು.
ದಿನಕ್ಕೊಂದು ಹಿಡಿ ಎತ್ತಿಡು ಅಂದೆ,
ತಲೆ ಸಮೇತ ತಿನ್ನು.
ತಲೆ ಕಹಿ, ಅಂದಳು.

ಶುಕ್ರವಾರ ದಡಕ್ಕೆ ಹೋಗಿದ್ದೆ.
ಗಿಥೈಗಾ ಡಬ್ಬಿಯಲ್ಲಿ ಅಳೆಯುತ್ತಿದ್ದ.
ಗೋಪುರದಂತೆ ತುಂಬಬೇಕು ಅವನಿಗೆ,
ಇಲ್ಲವಾದರೆ ಅಳತೆಯೇ ಅಲ್ಲ.
ಅವನು ಚೀಲದ ಬಾಯಿ ಹೊಲಿಯಲು ತಿರುಗಿದಾಗ
ಅಪೊಂದಿಯ ಕೈ ಗೋಪುರದ ತುದಿ ಮುರಿಯಿತು,
ಲೇಸೋದ ಗಂಟಿನೊಳಗೆ ಇಳಿಯಿತು.
ನಾನು ನೀರಿನ ಕಡೆ ನೋಡಿದೆ.

ಸಂಜೆ ಒಲೆಯ ಮುಂದೆ ಟೊಮೇಟೊ, ಈರುಳ್ಳಿ,
ಬೆಳ್ಳಿ ಕಂದಾಗುವ ವಾಸನೆ.
ತಟ್ಟೆಗೆ ಬಿದ್ದದ್ದೇ ತಡ
ಕಳೆ ಕೀಳುವ ತಿಂಗಳಲ್ಲಿ ಹುಟ್ಟಿದ ಅದೋಯೊ,
ನಾಲ್ಕು ವರ್ಷದವಳು, ಅಂಗೈ ಚಾಚಿ ನಿಂತಳು.
ಅಪೊಂದಿ ನನ್ನ ಮುಖ ನೋಡಿದಳು,
ಆಮೇಲೆ ಆ ಅಂಗೈಯನ್ನು.

ಅರ್ಧ ಹಿಡಿ ಅಲ್ಲಿಗೆ ಹೋಯಿತು.
ದೊಡ್ಡ ದೊಡ್ಡ ಮೀನುಗಳೇ ಹೋದವು.

ಸೋಮವಾರ ರಿಜಿಸ್ಟರಿನಲ್ಲಿ ಬರೆದೆ:
ಮೀನು, ಹೌದು.
ಎಷ್ಟು ಎಂದು ಬರೆಯಲು
ಅದರಲ್ಲಿ ಖಾನೆಯಿಲ್ಲ.